ಸೆರೆಂಡಿಪಿಟಸ್ ಅಂದ್ರೆ ಏನ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬ್ಯಾಂಕ್, ರೈಲ್ವೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಪ್ರತಿ ಬ್ಯಾಚಿನಲ್ಲೂ ಶಬ್ದಪಟ್ಟಿ ಓದಿಸುವಾಗ ಒಂದು ಗುಣವಾಚಕದ ಹತ್ತಿರ ಬಂದು ಕ್ಲಾಸು ನಿಂತುಬಿಡುತ್ತದೆ. ಪಟ್ಟಿಯಲ್ಲಿ ಅದರ ಎದುರು 'ಅದೃಷ್ಟದ' ಎಂದು ಒಂದೇ ಪದ ಬರೆದಿರುತ್ತಾರೆ. ಅಷ್ಟಕ್ಕೆ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕ್ಲಾಸಿನಲ್ಲಿ, ಚಹಾ ಅಂಗಡಿಯ ಮುಂದೆ, ಫೋನಿನಲ್ಲಿ, ಬೀದರ್ ಮತ್ತು ಯಾದಗಿರಿಯ ಹಳೆಯ ವಿದ್ಯಾರ್ಥಿಗಳ ಕಾಗದಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಮೊದಲಿಗೆ

ಸರ್, ಇದನ್ನ ಹ್ಯಾಂಗ ಅನ್ನಬೇಕ್ರಿ? ನಾಲಿಗಿ ತಿರುಗವಲ್ದು.

ಸೆ-ರೆಂ-ಡಿ-ಪಿ-ಟಸ್. ಐದು ತುಂಡು ಮಾಡಿಕೊಳ್ಳಿ. ಒತ್ತು ನಡುವಿನ 'ಡಿ' ಮೇಲೆ. ಮೊದಲ ಎರಡು ಅಕ್ಷರ ಹಗುರ, ಡಿ ಗಟ್ಟಿ, ಉಳಿದದ್ದು ಜಾರಿ ಹೋಗಬೇಕು. ಇಂಗ್ಲಿಷಿನಲ್ಲಿ ಬರೆದರೆ ಹದಿಮೂರು ಅಕ್ಷರ. ಕಾಗುಣಿತ ತಪ್ಪುವುದು ಸಾಮಾನ್ಯವಾಗಿ ಎರಡನೇ 'ಐ' ಹತ್ತಿರ. 'ಡಿಪಿ' ಎಂದು ಬಾಯಲ್ಲಿ ಸರಿಯಾಗಿ ಬಂದರೆ ಕೈಯಲ್ಲೂ ಬರುತ್ತದೆ.

ಮೊದಲ ಅರ್ಧ ಕೇಳಿದ ಕೂಡಲೇ ಹಿಂದಿನ ಬೆಂಚು ನಗುತ್ತದೆ. ನಮ್ಮ ಕಡೆ ಸೆರೆ ಅಂದರೆ ಬಾಟಲಿಯಲ್ಲಿ ಸಿಗುವುದು. ನಗಲಿ ಬಿಡಿ, ಹಾಗಾದರೂ ನೆನಪಿರುತ್ತದೆ.

ಒಂದೇ ಮಾತಿನಾಗ ಅರ್ಥ ಹೇಳ್ರಿ, ಬರ್ಕೋತೀವಿ.

ಏನನ್ನೋ ಹುಡುಕುವಾಗ, ಹುಡುಕದೇ ಇದ್ದ ಬೇರೊಂದು ಒಳ್ಳೆಯದು ಆಕಸ್ಮಿಕವಾಗಿ ಕಣ್ಣಿಗೆ ಬಿದ್ದು, ಅದರ ಬೆಲೆ ನಮಗೆ ಗೊತ್ತಾದರೆ ಆ ಘಟನೆ ಸೆರೆಂಡಿಪಿಟಸ್.

ಉದ್ದವಾಯಿತು, ಗೊತ್ತು. ಇದಕ್ಕಿಂತ ಮೊಟಕು ಮಾಡಿದರೆ ಯಾವುದಾದರೂ ಒಂದು ಕಾಲು ಮುರಿಯುತ್ತದೆ.

ಹಂಗಾದ್ರ ನಸೀಬ್ ಅನ್ನೋದಕ್ಕೂ ಇದಕ್ಕೂ ಏನು ಫರಕ್?

ನಸೀಬ್ ಅರಬ್ಬಿ ಮೂಲದ ಪದ, ಪಾಲಿಗೆ ಬಂದದ್ದು ಎಂಬ ಅರ್ಥ. ಹಣೆಬರಹದ ಹಾಗೆಯೇ, ಯಾರೋ ಹಂಚಿದ್ದು, ನಾವು ಕೈ ಒಡ್ಡಿದ್ದು. ಅಲ್ಲಿ ನಮ್ಮ ಬುದ್ಧಿಗೆ ಕೆಲಸವಿಲ್ಲ. ನಮ್ಮ 'ಅದೃಷ್ಟ'ವನ್ನು ಬಿಡಿಸಿ ನೋಡಿದರೆ ಇನ್ನೂ ಸ್ಪಷ್ಟ. ಅ-ದೃಷ್ಟ, ಅಂದರೆ ಕಾಣದೇ ಇದ್ದದ್ದು. ಸೆರೆಂಡಿಪಿಟಸ್ ಎಂಬ ಮಾತಿನಲ್ಲಿ ಕಾಣುವುದೇ ಮುಖ್ಯ. ಎದುರು ಬಂದದ್ದನ್ನು ಗುರುತಿಸುವ ಕಣ್ಣಿಲ್ಲದಿದ್ದರೆ ಈ ಪದ ಅನ್ವಯಿಸುವುದೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಇದರ ಎದುರು 'ಅದೃಷ್ಟದ' ಎಂದು ಕಂಡಾಗಲೆಲ್ಲ ನನಗೆ ಕಸಿವಿಸಿ.

ರಸ್ತೆ ಮ್ಯಾಲ ಐದುನೂರರ ನೋಟು ಸಿಕ್ತು. ಇದು ಹೌದೋ ಅಲ್ಲೋ?

ಅಲ್ಲ. ನೋಟನ್ನು ಯಾರು ನೋಡಿದರೂ ಎತ್ತಿಕೊಳ್ಳುತ್ತಾರೆ. ಲಾಟರಿ ಹೊಡೆದರೂ ಅಲ್ಲ, ಏಕೆಂದರೆ ಟಿಕೆಟ್ ಕೊಂಡದ್ದೇ ಅದಕ್ಕಾಗಿ. ಓದಿದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದರೂ ಅಲ್ಲ, ಅದು ಓದಿದ್ದರ ಫಲ.

ಒಬ್ಬ ಹುಡುಗ ಕೇಳಿದ: 'ಸರ್, ನಮ್ಮ ಅಣ್ಣ ಗೆಳೆಯನಿಗೆ ಹೆಣ್ಣು ನೋಡ್ಲಾಕ ಹೋಗಿದ್ದ. ಆ ಮನಿಯವರ ಸಂಬಂಧದಾಗಿನ ಹುಡುಗೀನ ಮೆಚ್ಚಿ ತಾನೇ ಮದುವಿ ಆದ. ಇದು?' ಇದು ಹೌದು, ನೂರಕ್ಕೆ ನೂರು. ಗೆಳೆಯನ ಮದುವೆ ಏನಾಯಿತು ಎಂದು ಕೇಳಲಿಲ್ಲ.

ನಿಮಗ ಆಗಿದ್ದು ಒಂದು ಹೇಳ್ರಿ ಸರ್, ಪುಸ್ತಕದ್ದು ಬ್ಯಾಡ.

ಮಗಳ 371ಜೆ ಪ್ರಮಾಣಪತ್ರಕ್ಕೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ ಪತ್ರಕ್ಕೆ, ನನ್ನ ಅಪ್ಪನ ಟಿಸಿ ಬೇಕಾಗಿತ್ತು. ಊರಿನ ಮನೆಯ ಅಟ್ಟದ ಮೇಲೆ ತಗಡಿನ ಟ್ರಂಕ್ ಇದೆ. ಕಂಬಳಿ, ನುಸಿ ಗುಳಿಗೆ, ಸೊಸೈಟಿಯ ಹಳೆಯ ರಸೀದಿ, ಅವ್ವನ ಇಳಕಲ್ ಸೀರೆ ಎಲ್ಲ ಅದರೊಳಗೇ. ಟಿಸಿ ಹುಡುಕುತ್ತ ಸೀರೆಯ ಮಡಿಕೆ ಬಿಚ್ಚಿದರೆ ನಿಜಾಮರ ಕಾಲದ ಒಂದು ಉರ್ದು ಛಾಪಾ ಕಾಗದ. ನಮ್ಮ ಅಣ್ಣ ಅದನ್ನು ಅದಕ್ಕೂ ಮೊದಲು ಮೂರು ಸಲ ನೋಡಿ, ಯಾವುದೋ ಸಾಲದ ಚೀಟಿ ಎಂದು ಮತ್ತೆ ಒಳಗೇ ಇಟ್ಟಿದ್ದ.

ಶಾಲೆಯಲ್ಲಿ ಕಲಿತ ಅರೆಬರೆ ಉರ್ದು ನನಗೆ ಆವತ್ತು ಉಪಯೋಗಕ್ಕೆ ಬಂತು. ಕಾಗದ ಪೂರ್ತಿ ಓದಲಾಗಲಿಲ್ಲ. ಆದರೆ 'ಬಾವ್ಲಿ' ಎಂಬ ಪದ ಕಂಡಿತು. ಬಾವ್ಲಿ ಅಂದರೆ ಬಾವಿ. ಅದರ ಪಕ್ಕದಲ್ಲಿ ನಾಲ್ಕು ಆಣೆ. ಕೆಳಗೆ 1352 ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ, ಅಂದರೆ ಸುಮಾರು 1942. ನಮ್ಮ ಹೊಲದ ಬಾವಿಯ ನೀರಿನ ಪಾಳಿಗಾಗಿ ಕಾಕಾನ ಮನೆಯವರಿಗೂ ನಮಗೂ ಮಾತು ನಿಂತು ಹತ್ತು ವರ್ಷವಾಗಿತ್ತು. ಉರ್ದು ಬಲ್ಲ ಹಿರಿಯರ ಹತ್ತಿರ ಒಯ್ದು ಓದಿಸಿದೆ. ಬಾವಿಯಲ್ಲಿ ಅವರಿಗೆ ನಾಲ್ಕಾಣೆ, ಅಂದರೆ ಕಾಲು ಪಾಲು ಉಂಟು ಎಂದು ಮುತ್ತ್ಯಾನೇ ಬರೆದುಕೊಟ್ಟಿದ್ದ. ಕಾಗದ ನಮ್ಮ ವಿರುದ್ಧವೇ ಇತ್ತು! ಆ ಯುಗಾದಿಗೆ ಕಾಕಾನ ಮನೆಯಲ್ಲಿ ಹೋಳಿಗೆ ಉಂಡೆವು.

ಹುಡುಕಿದ್ದು ಟಿಸಿ, ಸಿಕ್ಕಿದ್ದು ಬಾವಿ. ಸೀರೆಯ ಮಡಿಕೆಯಲ್ಲಿ ಕಾಗದ ಇದ್ದದ್ದು ಆಕಸ್ಮಿಕ. 'ಬಾವ್ಲಿ' ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲ. ಟಿಸಿ ಇವತ್ತಿನವರೆಗೂ ಸಿಕ್ಕಿಲ್ಲ, ಶಾಲೆಗೆ ಅರ್ಜಿ ಕೊಟ್ಟು ನಕಲು ತಂದೆವು.

ಎಲ್ಲಿಂದ ಬಂತು

ಇಂಗ್ಲಿಷಿನವರು ಈ ಶಬ್ದ ಎಲ್ಲಿಂದ ತಂದ್ರು?

ಬಹಳಷ್ಟು ಶಬ್ದಗಳಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ಇದರ ನಾಮಪದ ರೂಪ ಸೆರೆಂಡಿಪಿಟಿಗೆ ಗೊತ್ತು: 1754ರ ಜನವರಿ 28. ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಲೇಖಕ ಆ ದಿನ ಒಂದು ಕಾಗದ ಬರೆದ. ಬ್ರಿಟನ್ನಿನ ಮೊದಲ ಪ್ರಧಾನಿ ಎನ್ನಿಸಿಕೊಳ್ಳುವ ರಾಬರ್ಟ್ ವಾಲ್ಪೋಲ್‌ನ ಮಗ ಈತ. ಕಾಗದ ಹೋದದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಗೆಳೆಯ ಹೊರೇಸ್ ಮ್ಯಾನ್‌ಗೆ.

ಸಂದರ್ಭ ಬಹಳ ಸಣ್ಣದು. ಬಿಯಾಂಕಾ ಕಪೆಲ್ಲೊ ಎಂಬ ಹಳೆಯ ಕಾಲದ ರಾಣಿಯೊಬ್ಬಳ ಚಿತ್ರವನ್ನು ಮ್ಯಾನ್ ಕಳಿಸಿಕೊಟ್ಟಿದ್ದ. ವಾಲ್ಪೋಲ್ ವೆನಿಸ್ ಮನೆತನಗಳ ಲಾಂಛನಗಳಿದ್ದ ಹಳೆಯ ಪುಸ್ತಕ ತಿರುವಿಹಾಕುವಾಗ ಆಕೆಯ ಮನೆತನದ ಲಾಂಛನದ ಬಗ್ಗೆ ಒಂದು ಸಂಗತಿ ಹೊಳೆಯಿತು. ಆ ಖುಷಿಗೆ ಹೆಸರಿಡಬೇಕು ಎನ್ನಿಸಿ, ಹಿಂದೆ ಓದಿದ್ದ 'ಸೆರೆಂದಿಪ್‌ನ ಮೂವರು ರಾಜಕುಮಾರರು' ಎಂಬ ಕಥೆಯಿಂದ ಹೆಸರು ಕಟ್ಟಿದ. ರಾಜಕುಮಾರರು ದಾರಿಯುದ್ದಕ್ಕೂ ತಾವು ಹುಡುಕದೇ ಇದ್ದ ಸಂಗತಿಗಳನ್ನು ಆಕಸ್ಮಿಕದಿಂದಲೂ ಚಾಣಾಕ್ಷತನದಿಂದಲೂ ಕಂಡುಹಿಡಿಯುತ್ತಿದ್ದರು ಎಂದು ಬರೆದ. ಆಕಸ್ಮಿಕ, ಚಾಣಾಕ್ಷತನ ಎರಡನ್ನೂ ಜೋಡಿಸಿದವನು ಅವನೇ. ನಾವು ಪಟ್ಟಿ ಮಾಡುವಾಗ ಎರಡನೆಯದನ್ನು ಕೈಬಿಟ್ಟೆವು.

ಸೆರೆಂದಿಪ್ ಅಂದ್ರ ಯಾವ ಊರು? ನಕಾಶದಾಗ ಕಾಣವಲ್ದು.

ಕಾಣುತ್ತದೆ, ಹೆಸರು ಬೇರೆ. ಅದು ಶ್ರೀಲಂಕಾ. ಸಿಂಹಳದ್ವೀಪ ಎಂಬ ಹೆಸರು ಅರಬ್ ಮತ್ತು ಪರ್ಷಿಯಾದ ನಾವಿಕರ ಬಾಯಲ್ಲಿ ಸರನ್‌ದೀಬ್ ಆಯಿತು. 'ಲ' ಹೋಗಿ 'ರ' ಬಂತು, ದ್ವೀಪ ಸವೆದು ದೀಬ್ ಆಯಿತು. ಅರಬ್ಬಿಯಲ್ಲಿ 'ಪ' ಇಲ್ಲ, ಆದ್ದರಿಂದ 'ಬ'. ಸಿಂದಬಾದ್ ನಾವಿಕನ ಕಥೆಯಲ್ಲಿ ಬರುವ ಸರಂದೀಬ್ ಕೂಡ ಇದೇ. ನಾಲ್ಕನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಅಲ್ಲಿಯ ಜನರನ್ನು ಸೆರೆಂದಿವಿ ಎಂದು ಕರೆದಿದ್ದಾನೆ.

ಅಂದರೆ ಈ ಇಂಗ್ಲಿಷ್ ಗುಣವಾಚಕದ ಹೊಟ್ಟೆಯಲ್ಲಿ ಇರುವ 'ಡಿಪ್' ನಮ್ಮ ದ್ವೀಪವೇ. ಲಕ್ಷದ್ವೀಪದ್ದೂ ಅದೇ, ಮಾಲ್ದೀವ್ಸ್‌ನದೂ ಅದೇ, ದಿಯುವಿನದೂ ಅದೇ. ಸಿಲೋನ್ ಎಂಬ ಹೆಸರೂ ಸಿಂಹಳದಿಂದಲೇ ಇಳಿದು ಬಂದದ್ದು. ಬುಧವಾರ ರಾತ್ರಿ ರೇಡಿಯೋ ಸಿಲೋನ್ ಹಚ್ಚಿ ಬಿನಾಕಾ ಗೀತಮಾಲಾ ಕೇಳುತ್ತಿದ್ದ ನಮ್ಮ ಹಿರಿಯರಿಗೆ ತಾವು ಸೆರೆಂದಿಪ್ ರೇಡಿಯೋ ಕೇಳುತ್ತಿದ್ದೇವೆ ಎಂದು ಯಾರೂ ಹೇಳಿರಲಿಲ್ಲ.

ಆ ಮೂವರು ರಾಜಕುಮಾರರ ಕಥಿ ಏನು? ಪೂರಾ ಹೇಳ್ರಿ.

ಪೂರಾ ಹೇಳಿದರೆ ಕ್ಲಾಸು ಮುಗಿದೇ ಹೋಗುತ್ತದೆ. ಒಂಟೆಯ ಭಾಗವನ್ನಷ್ಟೇ ಹೇಳುತ್ತೇನೆ.

ಸೆರೆಂದಿಪ್‌ನ ರಾಜ ತನ್ನ ಮೂವರು ಮಕ್ಕಳನ್ನು ಲೋಕ ನೋಡಿ ಬನ್ನಿ ಎಂದು ಹೊರಗೆ ಹಾಕುತ್ತಾನೆ. ಅವರು ಪರ್ಷಿಯಾದ ಬಹರಾಮ್ ದೊರೆಯ ಸೀಮೆಗೆ ಬರುತ್ತಾರೆ. ದಾರಿಯಲ್ಲಿ ಒಬ್ಬ ಒಂಟೆಯವನು ಎದುರಾಗಿ, 'ನನ್ನ ಒಂಟೆ ಕಳೆದಿದೆ, ನೋಡಿದಿರಾ?' ಎನ್ನುತ್ತಾನೆ. ಒಬ್ಬ ಕೇಳುತ್ತಾನೆ, ಅದಕ್ಕೆ ಒಂದು ಕಣ್ಣಿಲ್ಲ ಅಲ್ಲವೇ? ಎರಡನೆಯವನು, ಒಂದು ಹಲ್ಲು ಬಿದ್ದಿದೆ ಅಲ್ಲವೇ? ಮೂರನೆಯವನು, ಕುಂಟು ಅಲ್ಲವೇ? ಅಷ್ಟೇ ಅಲ್ಲ, ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಜೇನು ಹೇರಿತ್ತು, ಮೇಲೆ ಬಸುರಿ ಹೆಂಗಸು ಕೂತಿದ್ದಳು ಎಂದೂ ಹೇಳುತ್ತಾರೆ. ಒಂಟೆಯವನಿಗೆ ಇವರೇ ಕಳ್ಳರು ಎನ್ನಿಸದೇ ಇರುತ್ತದೆಯೇ? ದೊರೆಯ ಹತ್ತಿರ ದೂರು ಹೋಗುತ್ತದೆ, ಮೂವರೂ ಸೆರೆಮನೆಗೆ ಹೋಗುತ್ತಾರೆ. ಮುಂದೆ ಒಂಟೆ ತಾನಾಗಿ ಸಿಕ್ಕಾಗ ದೊರೆ ಅವರನ್ನು ಕರೆಸಿ, ಕಾಣದೇ ಇದ್ದ ಒಂಟೆಯನ್ನು ಹೇಗೆ ಬಣ್ಣಿಸಿದಿರಿ ಎಂದು ಕೇಳುತ್ತಾನೆ.

ದಾರಿಯ ಒಂದು ಕಡೆ ಮಾತ್ರ ಹುಲ್ಲು ಮೇಯ್ದಿತ್ತು, ಅದೂ ಕಳಪೆ ಹುಲ್ಲಿದ್ದ ಕಡೆ. ಅಂದರೆ ಚಲೋ ಹುಲ್ಲಿನ ಕಡೆಯ ಕಣ್ಣು ಕುರುಡು. ಅಗಿದ ಹುಲ್ಲಿನ ತುತ್ತು ಅಲ್ಲಲ್ಲಿ ಹಲ್ಲಿನ ಗಾತ್ರದಲ್ಲಿ ಬಿದ್ದಿದ್ದವು, ಹಲ್ಲಿನ ಸಂದಿಯಿಂದ ಜಾರಿದಂಥವು. ಮೂರು ಹೆಜ್ಜೆ ಗುರುತು, ನಾಲ್ಕನೆಯದು ಎಳೆದ ಗೆರೆ. ಒಂದು ಬದಿ ಇರುವೆ ಸಾಲು, ಅದು ಬೆಣ್ಣೆ. ಇನ್ನೊಂದು ಬದಿ ನೊಣ, ಅದು ಜೇನು. ಒಂಟೆ ಕೂತಲ್ಲಿ ಹೆಣ್ಣಿನ ಪಾದದ ಗುರುತು, ಪಕ್ಕದಲ್ಲಿ ನೆಲಕ್ಕೆ ಕೈ ಊರಿ ಎದ್ದ ಗುರುತು. ಬಸುರಿ ಅಲ್ಲದಿದ್ದರೆ ಕೈ ಊರುವುದೇಕೆ?

ಇದನ್ನು ಹೇಳುವಾಗ ಹಳ್ಳಿಯಿಂದ ಬಂದ ಹುಡುಗರ ಮುಖ ನೋಡಬೇಕು. ಎಮ್ಮೆ ಕಳೆದರೆ ಹೆಜ್ಜೆ, ಸೆಗಣಿ, ಮೇಯ್ದ ಜೋಳದ ದಂಟು ನೋಡಿಕೊಂಡು ಹೋಗುವ ವಿದ್ಯೆ ಅವರಿಗೆ ಹೊಸದಲ್ಲ. 'ನಮ್ಮ ಮುತ್ತ್ಯಾನೂ ಇಷ್ಟು ಹೇಳ್ತಿದ್ದ ಸರ್' ಎಂದು ಒಬ್ಬನಾದರೂ ಅಂದೇ ಅನ್ನುತ್ತಾನೆ.

ನಾ ಓದಿದ ಕಡೆ ಹೇಸರಗತ್ತೆ ಅಂತ ಅದ, ನೀವು ಒಂಟಿ ಅಂತೀರಿ. ಯಾವುದು ಖರೆ?

ಕಥೆಯಲ್ಲಿರುವುದು ಒಂಟೆ. ವಾಲ್ಪೋಲ್ ತನ್ನ ಕಾಗದದಲ್ಲಿ ನೆನಪಿನಿಂದ ಬರೆಯುವಾಗ ಅದನ್ನು ಹೇಸರಗತ್ತೆ ಮಾಡಿಬಿಟ್ಟ. ಅವನ ತಪ್ಪು ಅಷ್ಟೇ ಅಲ್ಲ. ರಾಜಕುಮಾರರು ಮಾಡಿದ್ದು ಕುರುಹು ನೋಡಿ ತರ್ಕ ಮಾಡಿದ್ದು, ಪೊಲೀಸರು ಮಾಡುವಂಥದ್ದು. ಆಕಸ್ಮಿಕದ ಪಾಲು ಅದರಲ್ಲಿ ಕಡಿಮೆ. ತನ್ನ ಪದಕ್ಕೆ ಅವನು ಕೊಟ್ಟ ಉದಾಹರಣೆಯೇ ಆ ಪದಕ್ಕೆ ಸರಿಯಾಗಿ ಕೂಡುವುದಿಲ್ಲ. ಆದರೂ ಪದ ನಿಂತಿತು.

ಈ ಕಥಿಗೂ ನಮ್ಮ ಕಲಬುರಗಿಗೂ ಏನಾರ ಸಂಬಂಧ ಅದ ಏನ್ರಿ?

ನೇರ ಸಂಬಂಧ ಇಲ್ಲ. ಆದರೆ ಒಂದು ಎಳೆ ಇದೆ, ನನಗೆ ಬಹಳ ಇಷ್ಟವಾದದ್ದು.

ವಾಲ್ಪೋಲ್ ಓದಿದ ಕಥೆ ಯುರೋಪಿಗೆ ಬಂದದ್ದು 1557ರಲ್ಲಿ, ವೆನಿಸ್‌ನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿ. ಪರ್ಷಿಯನ್‌ನಿಂದ ತಂದವನು ಕ್ರಿಸ್ತೊಫೊರೊ ಅರ್ಮೆನೊ ಎಂದು ಅದರಲ್ಲಿದೆ. ಅಲ್ಲಿಂದ ಫ್ರೆಂಚ್, 1722ರಲ್ಲಿ ಇಂಗ್ಲಿಷ್. ಇಟಾಲಿಯನ್ ಪುಸ್ತಕದ ಬೇರು ಹುಡುಕುತ್ತ ಹೋದರೆ ಸಿಗುವುದು 1302ರ ಸುಮಾರಿಗೆ ಪರ್ಷಿಯನ್‌ನಲ್ಲಿ ರಚನೆಯಾದ 'ಹಶ್ತ್ ಬಿಹಿಶ್ತ್' ಎಂಬ ಕಾವ್ಯ, ಎಂಟು ಸ್ವರ್ಗ ಎಂದು ಅರ್ಥ. ಬರೆದವನು ದಿಲ್ಲಿಯ ಅಮೀರ್ ಖುಸ್ರೊ. ಒಂಟೆಯ ಕಥೆ ಅದರಲ್ಲಿದೆ.

ಈ ಖುಸ್ರೊ ಹಜರತ್ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯ. ಅದೇ ನಿಜಾಮುದ್ದೀನ್ ಔಲಿಯಾ ಅವರ ಇನ್ನೊಬ್ಬ ಶಿಷ್ಯರು ನಸೀರುದ್ದೀನ್ ಚಿರಾಗ್ ದೆಹಲವಿ. ಚಿರಾಗ್ ದೆಹಲವಿಯವರ ಶಿಷ್ಯರು ಯಾರು? ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು, ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ಇಲ್ಲೇ ದೇಹ ಬಿಟ್ಟ ಖ್ವಾಜಾ ಬಂದೇನವಾಜ್. ಉರುಸಿನಲ್ಲಿ ನಾವು ದರ್ಗಾದ ಮುಂದೆ ಬಳೆ ಸಾಲು ನೋಡುತ್ತ ನಿಲ್ಲುತ್ತೇವಲ್ಲ, ಅದೇ ಬಂದೇನವಾಜ್. ಒಂಟೆ ಕಥೆ ಹೇಳಿದ ಕವಿ ಅವರ ಗುರುವಿಗೆ ಗುರುಬಂಧು.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದಾಗ ಆಸ್ಥಾನದ ಭಾಷೆಯೂ ಓದಿನ ಭಾಷೆಯೂ ಪರ್ಷಿಯನ್ನೇ. ಇಂಗ್ಲಿಷಿನಲ್ಲಿ ವಿಲಾಯತಿಯಾಗಿ ಕೇಳುವ ಈ ಪದ ಎದ್ದು ಬಂದದ್ದು ನಮ್ಮ ಹಳೆಯ ದಫ್ತರದ ಭಾಷೆಯ ಒಂದು ಕಥೆಯಿಂದ. ನಮ್ಮ ಟ್ರಂಕಿನ ಕಾಗದದಲ್ಲಿದ್ದ 'ಫಸಲಿ'ಯೂ ಆ ದಫ್ತರದ ಪದವೇ.

1754ರಾಗ ಹುಟ್ಟಿದ್ದು ಅಂತೀರಿ, ಹಳೆ ಇಂಗ್ಲಿಷ್ ಪುಸ್ತಕದಾಗ ಯಾಕ ಸಿಗಂಗಿಲ್ಲ?

ಏಕೆಂದರೆ ಅದು ಒಂದು ಖಾಸಗಿ ಕಾಗದದಲ್ಲಿ ಮಲಗಿತ್ತು. ಮ್ಯಾನ್‌ಗೆ ಬರೆದ ಕಾಗದಗಳು ಅಚ್ಚಾದದ್ದು 1833ರಲ್ಲಿ. ಆಮೇಲೂ ಯಾರೂ ಮುಟ್ಟಲಿಲ್ಲ. 1875ರಲ್ಲಿ ಎಡ್ವರ್ಡ್ ಸಾಲಿ ಎಂಬುವವನು ಒಂದು ಪತ್ರಿಕೆಯಲ್ಲಿ ಬಳಸಿದ. ಆಮೇಲೆ ಹಳೆಯ ಪುಸ್ತಕ ಸಂಗ್ರಹಿಸುವವರ ನಡುವೆ ಸ್ವಲ್ಪ ಓಡಾಡಿತು. ಹಳೆಯ ಪುಸ್ತಕದ ಅಂಗಡಿಯಲ್ಲಿ ಹುಡುಕಿದ್ದು ಬಿಟ್ಟು ಬೇರೆಯದೇ ಸಿಗುತ್ತದಲ್ಲ, ಅವರಿಗೇ ಇದರ ರುಚಿ ಮೊದಲು ಹತ್ತಿದ್ದು.

ವಿಜ್ಞಾನಿಗಳ ನಡುವೆ ಇದನ್ನು ಹರಡಿದವರಲ್ಲಿ ಮುಖ್ಯನಾದವನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್, 1945ರ ಸುಮಾರಿಗೆ. ರಾಬರ್ಟ್ ಮರ್ಟನ್ ಮತ್ತು ಎಲಿನಾರ್ ಬಾರ್ಬರ್ ಎಂಬ ಸಮಾಜಶಾಸ್ತ್ರಜ್ಞರು ಈ ಒಂದೇ ಪದದ ಮೇಲೆ ಪುಸ್ತಕ ಬರೆದು 1958ರಲ್ಲಿ ಮುಗಿಸಿದರು. ಅಚ್ಚಾಗಲು ನಾಲ್ಕು ದಶಕ ಹಿಡಿಯಿತು. 2002ರಲ್ಲಿ ಮೊದಲು ಇಟಾಲಿಯನ್‌ನಲ್ಲಿ, 2004ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕಥೆ ಇಟಲಿಯಿಂದ ಹೊರಟಿತ್ತು, ಕಥೆಯ ಕಥೆಯೂ ಅಲ್ಲಿಂದಲೇ ಹೊರಟಿತು.

ಗುಣವಾಚಕ ರೂಪ ಇನ್ನೂ ಎಳೆಯದು, ಇಪ್ಪತ್ತನೇ ಶತಮಾನದ್ದು. ಡೇಂಜರ್‌ಗೆ ಡೇಂಜರಸ್, ಫೇಮ್‌ಗೆ ಫೇಮಸ್ ಇದ್ದ ಹಾಗೆ ಸೆರೆಂಡಿಪಿಟಿಗೆ ಸೆರೆಂಡಿಪಿಟಸ್. ಈ ಬಾಲ ಲ್ಯಾಟಿನ್ನಿನದು, ತುಂಬಿದ ಎಂಬ ಅರ್ಥ. ಸಂಸ್ಕೃತದ ಬೇರು, ಪರ್ಷಿಯನ್ ಕಾಂಡ, ಲ್ಯಾಟಿನ್ ಬಾಲ.

ಬಳಸುವಾಗ

ಫಾರ್ಚುಯಿಟಸ್ ಅಂತ ಇನ್ನೊಂದು ಅದ ಅಲ್ರಿ, ಎರಡೂ ಒಂದೇ ಏನು?

ಅಲ್ಲ. ಫಾರ್ಚುಯಿಟಸ್ ಅಂದರೆ ಬರೀ ಆಕಸ್ಮಿಕ, ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಸೆರೆಂಡಿಪಿಟಸ್ ಒಳ್ಳೆಯದೇ ಆಗಬೇಕು. ಪ್ರಾವಿಡೆನ್ಷಿಯಲ್ ಎಂದರೆ ದೈವ ಕಾಪಾಡಿದ್ದು. ಶಹಾಬಾದ್ ಸ್ಟೇಷನ್ನಿನಲ್ಲಿ ಹಳೆಯ ಗೆಳೆಯ ಸಿಕ್ಕರೆ ಫಾರ್ಚುಯಿಟಸ್. ಅವನ ಜೊತೆ ಮಾತಾಡುವಾಗ ನಿನಗೆ ಸರಿಹೊಂದುವ ಕೆಲಸದ ಸುಳಿವು ಸಿಕ್ಕು, ನೀನು ಅದನ್ನು ಹಿಡಿದುಕೊಂಡರೆ ಸೆರೆಂಡಿಪಿಟಸ್. ಅವನು ಎಳೆದು ಬದಿಗೆ ಹಾಕಿದ್ದರಿಂದ ನೀನು ರೈಲಿನ ಕೆಳಗೆ ಬೀಳಲಿಲ್ಲ ಎಂದರೆ ಪ್ರಾವಿಡೆನ್ಷಿಯಲ್.

ಮನುಷ್ಯಾಗ ಹಚ್ಚಬಹುದಾ? ವಾಕ್ಯದಾಗ ಎಲ್ಲಿ ಇಡಬೇಕು?

ಮನುಷ್ಯರಿಗೆ ಹಚ್ಚಬೇಡಿ. ಭೇಟಿ, ಶೋಧ, ಘಟನೆ, ಕಾಕತಾಳೀಯ, ಇಂಥ ನಾಮಪದಗಳಿಗಿಂತ ಮೊದಲು ಇಡಿ: ಸೆರೆಂಡಿಪಿಟಸ್ ಡಿಸ್ಕವರಿ, ಸೆರೆಂಡಿಪಿಟಸ್ ಮೀಟಿಂಗ್. ವಾಕ್ಯದ ಕೊನೆಗೂ ಬರುತ್ತದೆ. ಕ್ರಿಯಾವಿಶೇಷಣ ಬೇಕಾದರೆ ಸೆರೆಂಡಿಪಿಟಸ್ಲಿ, ಆದರೆ ಇಂಟರ್‌ವ್ಯೂನಲ್ಲಿ ಅದನ್ನು ಹೇಳುವ ಸಾಹಸ ಬೇಡ. ಗಂಟಲಲ್ಲಿ ಸಿಕ್ಕಿಬೀಳುತ್ತದೆ.

ಕನ್ನಡದಾಗ ಇದಕ್ಕ ಒಂದು ಶಬ್ದ ಇಲ್ಲೇನ್ರಿ?

ಹತ್ತಿರದವು ಬಹಳ ಇವೆ, ಒಂದೂ ಪೂರ್ತಿ ಕೂಡುವುದಿಲ್ಲ.

'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎಂಬ ಗಾದೆಯನ್ನು ಎಲ್ಲರೂ ಮೊದಲು ಹೇಳುತ್ತಾರೆ. ಚೆಂದದ ಗಾದೆ, ಆದರೆ ಅಲ್ಲಿ ತೊಡರಿದ್ದು ಹುಡುಕುತ್ತಿದ್ದ ಬಳ್ಳಿಯೇ. ನಮಗೆ ಬೇಕಾದದ್ದು ಬೇರೆ ಬಳ್ಳಿ. 'ಕಾಕತಾಳೀಯ' ಅಂದರೆ ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದು. ಅಲ್ಲಿ ಕಾಗೆಗೆ ಏನೂ ಹೊಳೆಯುವುದಿಲ್ಲ. ಘುಣಾಕ್ಷರ ನ್ಯಾಯ ಇನ್ನೂ ಸೊಗಸು. ಗೆದ್ದಲಿನಂಥ ಹುಳು ಮರ ಕೊರೆಯುತ್ತ ಹೋದಾಗ ಅಕ್ಷರದ ಆಕಾರ ಮೂಡುತ್ತದೆ. ಹುಳುವಿಗೆ ಓದಲು ಬರುವುದಿಲ್ಲ, ನೋಡಿದವನಿಗೆ ಬರುತ್ತದೆ. ಈ ನ್ಯಾಯವನ್ನು ಹುಳುವಿನ ಕಡೆಯಿಂದ ಹೇಳದೆ ಓದುವವನ ಕಡೆಯಿಂದ ಹೇಳಿದರೆ ವಾಲ್ಪೋಲ್‌ನ ಪದಕ್ಕೆ ತೀರ ಹತ್ತಿರ ಬರುತ್ತದೆ. 'ಆಕಸ್ಮಿಕ'ವಂತೂ ಬರೀ 'ಯಾವ ಕಾರಣದಿಂದಲೂ ಅಲ್ಲದ್ದು'. ಅರ್ಧ ಅರ್ಥ ಮಾತ್ರ.

ಕ್ಲಾಸಿನಲ್ಲಿ ಒಮ್ಮೆ ಎಲ್ಲರಿಗೂ ಒಂದೊಂದು ಪದ ಕಟ್ಟಿರಿ ಎಂದೆ. ದೈವಶೋಧ ಬಂತು, ಸುಯೋಗಲಬ್ಧ ಬಂತು, 'ಸಿಕ್ಕಾಪಟ್ಟೆ' ಎಂದೂ ಒಬ್ಬ ಕೂಗಿದ. ಆಳಂದ ಕಡೆಯ ಒಬ್ಬ ಹುಡುಗಿ 'ಎಡವಿ ಕಂಡ' ಎಂದು ಬರೆದುಕೊಟ್ಟಳು. ಎಡವಿ ಕಂಡ ಶೋಧ, ಎಡವಿ ಕಂಡ ದಾರಿ. ಎಡವಿದ್ದೂ ಇದೆ, ಕಂಡದ್ದೂ ಇದೆ. ನಾನು ಆವತ್ತಿನಿಂದ ಅದನ್ನೇ ಬಳಸುತ್ತೇನೆ.

ಪೆನ್ಸಿಲಿನ್ ಉದಾಹರಣೆ ಕೇಳಿ ಕೇಳಿ ಸಾಕಾತು. ನಮ್ಮ ಜಿಲ್ಲಾದ್ದು ಒಂದು ಹೇಳ್ರಿ.

1928ರ ಫ್ಲೆಮಿಂಗ್‌ನ ಬೂಸ್ಟು, 1895ರ ಎಕ್ಸ್‌ರೇ, ಇವು ಎಲ್ಲ ಪುಸ್ತಕದಲ್ಲೂ ಇವೆ, ಬಿಡೋಣ. ನಮ್ಮಲ್ಲಿ ಸನ್ನತಿ ಇದೆ.

ಭೀಮಾ ನದಿಯ ದಂಡೆಯ ಸನ್ನತಿಗೆ ಬಹಳ ಜನ ಹೋಗುವುದು ಚಂದ್ರಲಾಂಬಾ ದೇವಿಯ ದರ್ಶನಕ್ಕೆ. ಆ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೂ ಒಂದು. 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿ ಹಾಳಾಯಿತು. ಊರಿನವರಿಗೆ ಅದು ಅಪಶಕುನದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳಿದ್ದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳು, ಜೊತೆಗೆ ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

ಹನ್ನೆರಡನೆಯ ಶಾಸನ ಏನು ಹೇಳುತ್ತದೆ ಗೊತ್ತೇ? ತನ್ನ ಮತವನ್ನೇ ಹೊಗಳಿ ಬೇರೆಯವರ ಮತವನ್ನು ಹಳಿಯಬೇಡಿ, ಬೇರೆಯವರ ಮಾತೂ ಕೇಳಿ ಎನ್ನುತ್ತದೆ. ಬೌದ್ಧ ದೊರೆಯೊಬ್ಬನ ಆ ಮಾತು ಕಾಳಿಯ ಪಾದದ ಕೆಳಗೆ ಕಲ್ಲಾಗಿ ಕೂತಿತ್ತು. ಅಕ್ಷರ ಓದಲು ಬಾರದ ಕಾಲದಲ್ಲಿ ಯಾರೋ ಒಳ್ಳೆಯ ಚಪ್ಪಟೆ ಕಲ್ಲು ಸಿಕ್ಕಿತೆಂದು ಪೀಠ ಮಾಡಿದ್ದರು. ಅವರಿಗೂ ಕಲ್ಲು ಸಿಕ್ಕಿತ್ತು, ನಮ್ಮ ಕಾಲಕ್ಕೂ ಸಿಕ್ಕಿತು. ನಡುವಿನ ವ್ಯತ್ಯಾಸ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿ ಓದಿದ್ದು. ಆ ಓದು ಹಿಂದೆ ಇಲ್ಲದಿದ್ದರೆ 1986ರಲ್ಲಿ ಛಾವಣಿ ಬಿದ್ದದ್ದು ಬರೀ ಛಾವಣಿ ಬಿದ್ದದ್ದಾಗಿ ಉಳಿಯುತ್ತಿತ್ತು.

ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು. ಅಲ್ಲಿಯ ಒಂದು ಶಿಲ್ಪದಲ್ಲಿ ರಾಜ, ರಾಣಿ, ಪರಿವಾರ, ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೊ'. ಹೆಸರು ಬರೆದಿರುವ ಅಶೋಕನ ಚಿತ್ರ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಕನಗನಹಳ್ಳಿಯದು ಹುಡುಕಿಕೊಂಡು ಹೋಗಿ ಅಗೆದದ್ದು. ಅದನ್ನು ಸೆರೆಂಡಿಪಿಟಸ್ ಎನ್ನಲಾರೆ. ಕಾಳಿ ಗುಡಿಯದು ಹೌದು. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯದೂ ಹೌದು. 1915ರಲ್ಲಿ ಅಲ್ಲಿ ಅಶೋಕನ ಹೆಸರೇ ಇ‌ರುವ ಶಾಸನ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಚಿನ್ನದ ಕೆಲಸದ ಮನುಷ್ಯ, ಕಂಡದ್ದು ಅಕ್ಷರ.

ಇದರ ವಿರುದ್ಧ ಪದ ಯಾವುದು?

ಕಾದಂಬರಿಕಾರ ವಿಲಿಯಂ ಬಾಯ್ಡ್ 1998ರಲ್ಲಿ ಜೆಂಬ್ಲಾನಿಟಿ ಎಂದು ಒಂದು ಕಟ್ಟಿದ. ಸೆರೆಂದಿಪ್ ದಕ್ಷಿಣದ ಬೆಚ್ಚನೆಯ ಹಸಿರು ದ್ವೀಪ. ಅದಕ್ಕೆ ಎದುರಾಗಿ ಉತ್ತರ ಧ್ರುವದ ಕಡೆಯ, ಹಿಮದಿಂದ ಹೆಪ್ಪುಗಟ್ಟಿದ ನೋವಾ ಜೆಂಬ್ಲಾ ದ್ವೀಪವನ್ನು ಆರಿಸಿದ. ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟದ್ದಕ್ಕೇ ಹೋಗಿ ಬೀಳುವುದು ಎಂದು ಅರ್ಥ. ಪರೀಕ್ಷೆಯಲ್ಲಿ ಕೇಳುವುದಿಲ್ಲ.

ಬೇಕಂತ ಹುಡುಕಿದ್ರ ಇಂಥದ್ದು ಸಿಗ್ತದೇನು?

ಬೇಕಂತಲೇ ಹುಡುಕಿ ಸಿಕ್ಕರೆ ಅದಕ್ಕೆ ಈ ಹೆಸರು ನಿಲ್ಲುವುದಿಲ್ಲ, ಅದೇ ಇದರ ತೊಡಕು. ಆದರೆ ಸಿಗುವ ಜಾಗಕ್ಕೆ ಹೋಗಿ ನಿಲ್ಲಬಹುದು. ಲೂಯಿ ಪಾಶ್ಚರ್ 1854ರಲ್ಲಿ ಫ್ರಾನ್ಸಿನ ಡುವೇ ಎಂಬಲ್ಲಿ ಮಾಡಿದ ಭಾಷಣದಲ್ಲಿ, ಅವಲೋಕನದ ಕ್ಷೇತ್ರದಲ್ಲಿ ಆಕಸ್ಮಿಕ ಒಲಿಯುವುದು ಸಿದ್ಧವಾದ ಮನಸ್ಸಿಗೆ ಮಾತ್ರ ಎಂದ.

ನಾನು ಹುಡುಗರಿಗೆ ಹೇಳುವುದು ಇಷ್ಟೇ. ಮೊಬೈಲಿನಲ್ಲಿ ಒಂದು ಪದದ ಅರ್ಥ ಹುಡುಕಿದರೆ ಆ ಪದವೇ ಸಿಗುತ್ತದೆ, ಮುಗಿಯಿತು. ದಪ್ಪ ನಿಘಂಟು ತೆಗೆದರೆ ಆ ಪದ ಸಿಗುವ ಮೊದಲು ಹತ್ತು ಬೇರೆ ಪದ ಕಣ್ಣಿಗೆ ಬೀಳುತ್ತವೆ. ಅದರಲ್ಲಿ ಒಂಬತ್ತು ಉಪಯೋಗಕ್ಕೆ ಬರುವುದಿಲ್ಲ. ಈಗಿನ ಆ್ಯಪ್‌ಗಳು ನಿಮಗೆ ಹಿಡಿಸಬಹುದು ಎಂದು ತಾವೇ ಮುಂದೆ ತಂದಿಡುತ್ತವೆ, ಅದೂ ಎಡವಿದ ಹಾಗೆಯೇ ಅಲ್ಲವೇ ಎಂದು ಒಬ್ಬಳು ಕೇಳಿದಳು. ಎಡವಲಿ ಎಂದೇ ಯಾರೋ ಇಟ್ಟ ಕಲ್ಲಿಗೆ ಎಡವಿದರೆ ಅದನ್ನು ಆಕಸ್ಮಿಕ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಅವಳು ಒಪ್ಪಲಿಲ್ಲ, ಚರ್ಚೆ ಇನ್ನೂ ನಡೆದಿದೆ.

ಎಲ್ಲಾ ಖರೆ ಸರ್. ಪರೀಕ್ಷಾದಾಗ ಸಮಾನಾರ್ಥಕ ಪದ ಕೇಳಿದ್ರ ಯಾವುದಕ್ಕ ಟಿಕ್ ಹಾಕ್ಬೇಕು?

ನಾಲ್ಕು ಆಯ್ಕೆಗಳಲ್ಲಿ 'ಲಕ್ಕಿ' ಇದ್ದರೆ ಅದಕ್ಕೇ ಹಾಕಿ ಬನ್ನಿ.